ಮುರಿಗೆಪ್ಪನ ಬಿನ್‌ಪಗಾರಿ ರಜೆ

ಪರೇಲ್, ಮುಂಬಯಿ
೨೦ ಜೂನ್ ೧೯೫೩

ಶ್ರೀ ಮುರಿಗೆಪ್ಪನವರಿಗೆ, ನೇಯ್ಗೆ ಖಾತೆ. ಸದ್ಯದ ಬಿಡಾರ, ಕಾಂದಿವಲಿಯ ಕ್ಷಯದ ಆಸ್ಪತ್ರೆ.

ಗಿರಣಿಯ ಫಂಡ್ ಆಫೀಸಿನ ಗುಮಾಸ್ತ ಸದಾನಂದನು ಈ ಪತ್ರವನ್ನು ಅರ್ಧ ಕುರ್ಚಿಯ ಮೇಲೆ ಕುಳಿತು ಬರೆಯುತ್ತಿದ್ದಾನೆ. ಇನ್ನರ್ಧದಲ್ಲಿ ನಿಮ್ಮ ಗೆಳೆಯ ಸದಾನಂದ ಕುಳಿತಿದ್ದಾನೆ. ಇಬ್ಬರಿಗೂ ಜಾಗ ಸಾಲದೆ ನೂಕಾಟ ನಡೆದಿದೆ. ಮೊದಲು ಗುಮಾಸ್ತ ಮಾತಾಡಲಿ, ಅವನಿಗೆ ಪಗಾರವಿದೆ.

ತಾವು ಏಪ್ರಿಲ್ ಮುಗಿದಂದಿನಿಂದ ಬಿನ್‌ಪಗಾರಿ ಕಾಯಿಲೆ ರಜೆಯಲ್ಲಿದ್ದೀರಿ. ಪಗಾರವಿಲ್ಲದ್ದರಿಂದ ಪ್ರಾವಿಡೆಂಟ್ ಫಂಡಿಗೆ ತಮ್ಮ ಕಂತು ಬಿದ್ದಿಲ್ಲ. ತಮ್ಮದು ಬೀಳದ್ದರಿಂದ ಗಿರಣಿಯೂ ತನ್ನ ಕಂತು ಹಾಕದೆ ಕೈ ಕಟ್ಟಿ ನಿಂತಿದೆ. ನಮ್ಮ ಗಿರಣಿಯ ಫಂಡಿನ ಕಟ್ಟಳೆ ಹೀಗಿದೆ: ಆರು ತಿಂಗಳು ಒಂದೂ ಕಂತು ಬೀಳದವನ ಸದಸ್ಯತ್ವ ಮುರಿಯುತ್ತದೆ. ಹತ್ತು ವರ್ಷ ಮುರಿಯದೆ ನಡೆಸಿದವನಿಗೆ ಮಾತ್ರ ಗಿರಣಿ ಹಾಕಿದ ಪಾಲು ಸಿಗುತ್ತದೆ, ಉಳಿದವರು ತಮ್ಮ ಪಾಲನ್ನಷ್ಟೇ ಎತ್ತಿಕೊಂಡು ನಮಸ್ಕಾರ ಹೇಳಬೇಕು. ತಮಗೆ ಹತ್ತು ವರ್ಷ ತುಂಬುವುದು ನವೆಂಬರಿನಲ್ಲಿ. ಆರು ತಿಂಗಳು ಮುಗಿಯುವುದು ಅಕ್ಟೋಬರಿನಲ್ಲಿ. ಇದನ್ನು ತಿಳಿಸುವುದು ಗುಮಾಸ್ತನ ಕರ್ತವ್ಯ. ಸಹಿ ಹಾಕಿ ಅವನು ಎದ್ದು ಹೋದ.

ಈಗ ನಾನು. ಅಣ್ಣ, ನಿಮ್ಮ ಕಂತನ್ನು ನನ್ನ ಕಿಸೆಯಿಂದ ಕಟ್ಟುತ್ತೇನೆಂದು ಸೆಕ್ರೆಟರಿ ಸಾಹೇಬರ ಮುಂದೆ ನಿಂತೆ. ಫಂಡಿಗೆ ಪಗಾರದಿಂದ ಕಡಿದ ದುಡ್ಡೇ ಬೇಕಂತೆ, ಹೊರಗಿನಿಂದ ಬಂದ ದುಡ್ಡು ನಡೆಯುವುದಿಲ್ಲವಂತೆ. ಲಕ್ಷ್ಮಿಗೂ ಕುಲಗೋತ್ರ ಕೇಳುವ ಮನುಷ್ಯನನ್ನು ನಾನು ಇದೇ ಮೊದಲು ನೋಡಿದ್ದು. ಒಂದೇ ಒಂದು ದಿನ ಕೆಲಸ ಮಾಡಿದರೂ ಆ ದಿನದ ಪಗಾರದಿಂದ ಕಂತು ಬಿದ್ದು ಲೆಕ್ಕ ಮತ್ತೆ ಉಸಿರಾಡುತ್ತದೆ. ಹಾಗೆಂದು ನೀವು ಎದ್ದು ಬರಬೇಡಿ. ನಾಲ್ಕು ತಿಂಗಳಿದೆ, ಏನಾದರೂ ದಾರಿ ಹುಡುಕುತ್ತೇನೆ.

ನಿಮ್ಮ ಮನೆಯಾಕೆ ಚಂದ್ರಕ್ಕನಿಗೆ ಇದನ್ನೆಲ್ಲ ಹೇಳಿಲ್ಲ. ಹೇಳುವುದು ಬಿಡುವುದು ನಿಮ್ಮದು.

ನಿಮ್ಮ
ಸದಾನಂದ


ಕಾಂದಿವಲಿ
೧ ಜುಲೈ ೧೯೫೩

ಗೆಳೆಯ ಸದಾನಂದನಿಗೆ ಮುರಿಗೆಪ್ಪನ ಶರಣು.

ನಿನ್ನ ಗುಮಾಸ್ತ ಚೆನ್ನಾಗಿ ಬರೆಯುತ್ತಾನೆ. ಗೆಳೆಯ ಮಾತ್ರ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡವರ ಹಾಗೆ ಮಾತಾಡುತ್ತಾನೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಲ್ಲಿ ನಾವೆಲ್ಲ ಜಹಗೀರದಾರರು. ಬಿಸಿಲಿಗೆ ಮಂಚ ಹಾಕಿ ಮಲಗಿಸುತ್ತಾರೆ, ಹೊತ್ತು ಹೊತ್ತಿಗೆ ಹಾಲು, ಮೊಟ್ಟೆ. ಲಿಂಗವಂತನಾದ ನಾನು ನನ್ನ ಮೊಟ್ಟೆಯನ್ನು ಎದುರು ಮಂಚದ ಪಠಾಣನಿಗೆ ಕೊಟ್ಟು ಅವನ ಹಾಲು ತೆಗೆದುಕೊಳ್ಳುತ್ತೇನೆ. ಹೀಗಾಗಿ ಅವನು ದಿನೇ ದಿನೇ ಪೈಲವಾನನಾಗುತ್ತಿದ್ದಾನೆ, ನಾನು ಕರುವಾಗುತ್ತಿದ್ದೇನೆ. ಸೂಜಿ ಚುಚ್ಚುವ ನರ್ಸಮ್ಮನಿಗೆ ನನ್ನ ಮೈಯಲ್ಲಿ ಹೊಸ ಜಾಗ ಸಿಗದೆ ಚಿಂತೆ ಹತ್ತಿದೆ.

ಡಾಕ್ಟರು ಹೇಳಿಯಾಯಿತು: ಗುಣವಾದರೂ ಹತ್ತಿಯ ಧೂಳಿಗೆ ಮತ್ತೆ ಕಾಲಿಡಬಾರದು. ಅಂದರೆ ಮಗ್ಗದ ಋಣ ಮುಗಿಯಿತು. ಚಂದ್ರವ್ವನ ಖಾನಾವಳಿಗೆ ಊಟಕ್ಕೆ ಬರುತ್ತಿದ್ದವರಿಗೆಲ್ಲ ನನ್ನ ರೋಗದ ಹೆಸರು ಕೇಳಿದ ದಿನದಿಂದ ಹಸಿವೆ ಕಡಿಮೆಯಾಗಿದೆ. ಅವಳ ಕೈಯ ರೊಟ್ಟಿಗೆ ಜಗಳಾಡುತ್ತಿದ್ದ ಮಂದಿ ಈಗ ಚಾಳಿನ ಮೆಟ್ಟಿಲನ್ನೂ ಉಸಿರು ಬಿಗಿಹಿಡಿದು ಇಳಿಯುತ್ತಾರಂತೆ. ಉಳಿದಿರುವುದು ಆ ಫಂಡು ಒಂದೇ. ಎರಡೂ ಪಾಲು ಬಂದರೆ ಈ ಕಡೆ, ಗಾಳಿ ಇರುವ ಜಾಗದಲ್ಲಿ, ಒಂದು ಕಿರಾಣಿ ಅಂಗಡಿ. ಒಂದೇ ಪಾಲು ಬಂದರೆ ಅಂಗಡಿಯ ಬಾಗಿಲಷ್ಟೇ ಬರುತ್ತದೆ, ಒಳಗೆ ಸಾಮಾನಿರುವುದಿಲ್ಲ.

ಈಗ ನಿನ್ನ ಬಾಯೊಳಗಿನ ಎಲೆ ಅಡಿಕೆ. ಭಾನುವಾರ ಚಂದ್ರವ್ವ ಬಂದಿದ್ದಳು. "ನಿಮ್ಮ ಮಗ್ಗದ ಮ್ಯಾಲೆ ಯಾರು ನಿಂತಾರ ಗೊತ್ತೈತೇನ್ರಿ?" ಅಂದಳು. "ಯಾರೋ ಬದಲಿ" ಅಂದೆ. "ಯಾರೋ ಅಲ್ಲ. ಸದಾನಂದನ ಖಾಸ ತಮ್ಮ, ಚೆನ್ನಯ."

ಫಂಡು ಮುರಿದವನ ಹೆಸರನ್ನು ಹಾಜರಿಯಿಂದಲೂ ತೆಗೆಯುವುದು ನಮ್ಮ ಗಿರಣಿಯ ರೂಢಿ. ಹೆಸರು ತೆಗೆದರೆ ಆ ಮಗ್ಗದ ಬದಲಿಯವನು ಕಾಯಂ ಆಗುತ್ತಾನೆ. ಇದು ನಿನ್ನ ಗುಮಾಸ್ತನಿಗೆ ಗೊತ್ತು, ಗೆಳೆಯನಿಗೆ ಗೊತ್ತು, ಅಣ್ಣನಿಗಂತೂ ಗೊತ್ತೇ ಗೊತ್ತು. ಆ ಕುರ್ಚಿಯ ಮೇಲೆ ಮೂವರು ಕುಳಿತಿದ್ದೀರಿ, ನನಗೆ ಇಬ್ಬರನ್ನಷ್ಟೇ ತೋರಿಸಿದೆ.

ಮುರಿಗೆಪ್ಪ


ಪರೇಲ್
೮ ಜುಲೈ ೧೯೫೩

ಮುರಿಗೆಪ್ಪಣ್ಣನವರಿಗೆ,

ಹೌದು. ಚೆನ್ನಯ ನನ್ನ ತಮ್ಮ. ಊರಿನಿಂದ ಬಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಮಾಲಕ ಗಲ್ಲಾಪೆಟ್ಟಿಗೆಯ ಸಮೇತ ಮಾಯವಾದ ಮೇಲೆ ದಿನಾ ಬೆಳಿಗ್ಗೆ ಗಿರಣಿಯ ಗೇಟಿನಲ್ಲಿ ಬದಲಿಯವರ ಸಾಲಿನಲ್ಲಿ ನಿಂತ. ಬದಲಿಯವರನ್ನು ಆರಿಸುವ ಮುಕಾದಮ ಸಿದ್ದಲಿಂಗಪ್ಪನವರು ನಿಮ್ಮ ಮಗ್ಗ ತೋರಿಸಿದರು. ನಾನು ಅವರನ್ನು ಕೇಳಿಕೊಂಡಿರಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಕುರ್ಚಿಯ ಮೂರನೆಯವನು ಇಷ್ಟನ್ನೇ ಹೇಳಿಕೊಳ್ಳಬಲ್ಲ.

ನೀವು ನನ್ನನ್ನು ಕಳ್ಳನೆಂದು ಬರೆದಿಲ್ಲ. ಬರೆದಿದ್ದರೆ ಆ ಕಾಗದವನ್ನು ಹರಿದು ಹಾಕುತ್ತಿದ್ದೆ. ಬರೆಯದೆ ಬಿಟ್ಟದ್ದನ್ನು ಹರಿಯುವುದು ಹೇಗೆ?

ಇತಿ
ಸದಾನಂದ


ಪರೇಲ್
೧೧ ಸೆಪ್ಟೆಂಬರ್ ೧೯೫೩

ಮುರಿಗೆಪ್ಪಣ್ಣ,

ಎರಡು ತಿಂಗಳಿಂದ ನಿಮ್ಮ ಒಂದು ಕಾರ್ಡೂ ಇಲ್ಲ. ನಾನೂ ಹಾಕಲಿಲ್ಲ. ಮೌನವ್ರತದಲ್ಲಿ ನಾವಿಬ್ಬರೂ ಸಮಬಲರೆಂದು ಸಾಬೀತಾಯಿತು, ಬಹುಮಾನವನ್ನು ಹಂಚಿಕೊಳ್ಳೋಣ. ಈಗ ಕೆಲಸದ ಮಾತು.

ದಾರಿ ಸಿಕ್ಕಿದೆ. ಅಕ್ಟೋಬರ್ ೧೭ಕ್ಕೆ ಖಂಡೇಪೂಜೆ, ನಮ್ಮೂರ ಆಯುಧಪೂಜೆ. ಅಂದು ಯಂತ್ರ ಓಡುವುದಿಲ್ಲ, ಧೂಳು ಏಳುವುದಿಲ್ಲ. ಮಗ್ಗಗಳಿಗೆ ಚೆಂಡುಹೂವಿನ ಮಾಲೆ, ನಮಗೆ ಪೇಢೆ. ನೇಕಾರ ತನ್ನ ಮಗ್ಗದ ಮುಂದೆ ನಿಂತು, ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದ ಲಾಳಿಯ ಸಣ್ಣ ಕಣ್ಣಿಗೆ ಬಾಯಿಟ್ಟು, ಉಸಿರೆಳೆದು ನೂಲು ಹೊರಡಿಸಿದರೆ ಅದೇ ಪೂಜೆ, ಅದೇ ಹಾಜರಿ. ಇಡೀ ದಿನದ ಪಗಾರ! ನಿಮಗೆ ನಾನು ಇದನ್ನು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ರಜೆಯಲ್ಲಿದ್ದವನು ಆ ದಿನ ಬಂದು ನಿಂತರೆ ನಡೆಯುತ್ತದೆಯೇ ಎಂದು ಸೆಕ್ರೆಟರಿಗಳನ್ನು ಕೇಳಿದೆ. ಕಟ್ಟಳೆಯ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದರು. ಬೇಡವೆನ್ನುವ ಸಾಲು ಸಿಗದೆ ಅವರ ಮುಖ ಬಾಡಿತು. ಮುಕಾದಮರು ಹಾಜರಿ ಹಾಕಿದರೆ ಸಾಕಂತೆ.

ಡಾಕ್ಟರ ಹತ್ತಿರ ಹಬ್ಬದ ಹೆಸರಿನಲ್ಲಿ ಒಂದು ದಿನದ ಚೀಟಿ ಇಸಿದುಕೊಳ್ಳಿ. ಲೋಕಲಿನಲ್ಲಿ ಬಂದು, ಒಂದು ಉಸಿರೆಳೆದು, ಲೋಕಲಿನಲ್ಲಿ ಹೋಗಿ. ಕಷ್ಟವೆನಿಸಿದರೆ ಬರಬೇಡಿ. ಇದನ್ನು ಮೂವರೂ ಸೇರಿ ಬರೆದಿದ್ದೇವೆ.

ನಿಮ್ಮ
ಸದಾನಂದ


ಕಾಂದಿವಲಿ
೨೧ ಸೆಪ್ಟೆಂಬರ್ ೧೯೫೩

ಸದಾನಂದಾ,

ಬರುತ್ತೇನೆ. ಡಾಕ್ಟರು ಗೊಣಗುತ್ತ ಒಪ್ಪಿದ್ದಾರೆ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಹೋಗಬೇಕು, ಸಂಜೆಯೊಳಗೆ ಮಂಚದ ಮೇಲಿರಬೇಕು.

ಆದರೆ ಇನ್ನೊಂದು ಮಾತಿದೆ, ಇದನ್ನು ತಮಾಷೆಯಾಗಿ ಬರೆಯಲು ನೋಡಿದೆ, ಬರಲಿಲ್ಲ. ಹೋದ ವಾರ ಡಾಕ್ಟರು ನಮ್ಮನ್ನೆಲ್ಲ ಕೂಡಿಸಿ ಈ ರೋಗ ಹರಡುವ ಬಗೆ ಹೇಳಿದರು. ಕೆಮ್ಮು, ಉಗುಳು, ಎಂಜಲು. ಎಂಜಲೆಂದ ಕೂಡಲೆ ನಾವೆಲ್ಲ ನಕ್ಕೆವು. ಬೇರೆಯವರ ಕಪ್ಪಿನಲ್ಲಿ ಚಹಾ ಕುಡಿಯದ ಮಂದಿ ನಾವು, ನಮಗೇನು ಕಲಿಸುತ್ತೀರಿ ಸಾಹೇಬರೆ ಎಂದು. ನಗುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಲಾಳಿ! ಮಡಿಯಿಲ್ಲ, ಮೈಲಿಗೆಯಿಲ್ಲ, ದಿನಕ್ಕೆ ನೂರಾರು ಸಲ ಬಾಯಿಗಿಟ್ಟು ಎಳೆಯುತ್ತೇವಲ್ಲ. ಕೈಯಿಂದ ಪೋಣಿಸುತ್ತ ಕೂತರೆ ಗಜ ಕಡಿಮೆ, ಗಜ ಕಡಿಮೆಯಾದರೆ ಪಗಾರ ಕಡಿಮೆ. ನಾನು ಕೆಮ್ಮುತ್ತ ಕೆಮ್ಮುತ್ತ ಬಾಯಿಗಿಟ್ಟ ಲಾಳಿಗಳನ್ನೇ ಮರುದಿನದಿಂದ ನಿನ್ನ ತಮ್ಮ ಬಾಯಿಗಿಟ್ಟಿದ್ದಾನೆ.

ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡ ತಿಂಗಳುಗಳಲ್ಲಿ ಅವನು ನನ್ನ ಎಂಜಲು ಉಣ್ಣುತ್ತಿದ್ದ. ಅವನ ಎದೆಯ ಎಕ್ಸರೇ ಫೋಟೊ ತೆಗೆಸು. ತಡಮಾಡಬೇಡ.

ಮುರಿಗೆಪ್ಪ


ಪರೇಲ್
೨೯ ಸೆಪ್ಟೆಂಬರ್ ೧೯೫೩

ಅಣ್ಣ,

ನೀವು ಬರುವ ದಿನ ಚಂದ್ರಕ್ಕ ಕಾಂದಿವಲಿಗೇ ಬಂದು ಜೊತೆಗೆ ಹೊರಡುತ್ತಾರೆ. ಮುಕಾದಮರಿಗೆ ಹೇಳಿದ್ದೇನೆ.

ಚೆನ್ನಯನ ಬಳಿ ಫೋಟೊದ ಮಾತು ಎತ್ತಿದೆ. "ಎಂತದ್ದು ಇಲ್ಲ ಅಣ್ಣ, ಗಟ್ಟಿಮುಟ್ಟು ಉಂಟು" ಎಂದು ಎದೆಗೆ ಗುದ್ದಿ ತೋರಿಸಿದ. ಬದಲಿಯವನ ಎದೆಯಲ್ಲಿ ಏನಾದರೂ ಕಂಡರೆ ಮರುದಿನ ಗೇಟಿನಲ್ಲಿ ಅವನ ಪಾಸು ಕಿತ್ತುಕೊಳ್ಳುತ್ತಾರೆ. ಅದಕ್ಕೇ ನೋಡಿಸಿಕೊಳ್ಳಲು ಒಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಸದ್ಯ ಈ ವಿಷಯ ಬರೆಯಬೇಡಿ.

ಸದಾನಂದ


ಕಾಂದಿವಲಿ
೧೯ ಅಕ್ಟೋಬರ್ ೧೯೫೩

ಸದಾನಂದಾ,

ಆಫೀಸಿನ ಮಂದಿಗೆ ಪೂಜೆಯ ಹೊತ್ತಿನಲ್ಲಿ ಮಗ್ಗದ ಖಾತೆಗೆ ಪ್ರವೇಶವಿಲ್ಲ. ನಿನ್ನ ತಮ್ಮ ಏನನ್ನೂ ಹೇಳಿರಲಿಕ್ಕಿಲ್ಲ. ಆದ್ದರಿಂದ ನಾನೇ ವರದಿಗಾರ.

ಚಂದ್ರವ್ವ ಗೇಟಿನಲ್ಲಿ ನಿಂತಳು, ನಾನು ಒಳಗೆ ಹೋದೆ. ಮಗ್ಗಗಳೆಲ್ಲ ಮದುಮಕ್ಕಳಂತೆ ಹೂ ಮುಡಿದು ಸುಮ್ಮನಿದ್ದವು. ಅಷ್ಟು ಸದ್ದಿಲ್ಲದ ಆ ಖಾತೆಯನ್ನು ನೋಡಿ ನನಗೇ ಹೆದರಿಕೆಯಾಯಿತು. ಸಿದ್ದಲಿಂಗಪ್ಪ ದೂರದಿಂದಲೇ ಕೂಗಿದ:

"ಬಾರಪಾ ಮುರಿಗೆಪ್ಪ! ನೀ ಸತ್ತೀ ಅಂದಿದ್ರಲ್ಲೋ!"

"ಅರ್ಜಿ ಹಾಕೇನಿ. ಇನ್ನೂ ಮಂಜೂರಾಗಿಲ್ಲ."

ಎಲ್ಲರೂ ನಕ್ಕರು, ನಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಮಗ್ಗದ ಪಕ್ಕದಲ್ಲಿ ಚೆನ್ನಯ ಕೈ ಕಟ್ಟಿ ನಿಂತಿದ್ದ. ಸಿದ್ದಲಿಂಗಪ್ಪ ಹೊಸ ಕಂಡಿಕೆ ಹಾಕಿದ ಲಾಳಿಯನ್ನು ನನ್ನ ಕೈಗಿತ್ತ. ನಾನು ಕಿಸೆಯಿಂದ ತಂತಿಯ ಕೊಕ್ಕೆ ತೆಗೆದೆ.

"ಏನದು?"

"ಕೊಕ್ಕೆಲೆ ಎಳೀತೇನಿ."

"ಕೊಕ್ಕೆಲೆ ಪೂಜಿ ಆಗೂದಿಲ್ಲೋ! ಅಜ್ಜನ ಕಾಲದಿಂದ ಬಾಯಿಲೆ ಎಳ್ದದ್ದು. ಬಾಯಿ ಇಡು, ಹಾಜರಿ ಹಾಕ್ತೀನಿ. ಇಲ್ಲಂದ್ರ ಪೇಢೆ ತಿಂದು ನಡಿ."

"ನನ್ನ ಬ್ಯಾನಿ ನಿನಗ ಗೊತ್ತೈತಿ, ಸಿದ್ದಲಿಂಗಪ್ಪ. ನಾಳಿ ಇದನ್ನ ಬಾಯಾಗ ಇಡಾಂವ ಈ ಹುಡುಗ."

"ಹಬ್ಬದ ದಿನ ಅಪಶಕುನ ಮಾತಾಡಬ್ಯಾಡ. ಇಡ್ತೀಯೋ ಇಲ್ಲೋ?"

ಹಾಜರಿಯವನು ಪೆನ್ಸಿಲು ಎತ್ತಿ ಕಾದಿದ್ದ. ಕರವಸ್ತ್ರ ಕೆಳಗಿಳಿಸಿದೆ. ಸುಳ್ಳು ಹೇಳುವುದಿಲ್ಲ ಸದಾನಂದ, ಇಡೋಣವೆಂದುಕೊಂಡೆ. ಗೇಟಿನಲ್ಲಿ ನಿಂತವಳ ಮುಖ ಕಣ್ಣ ಮುಂದೆ ಬಂತು. ಒಂದು ಉಸಿರು, ಅಷ್ಟೇ. ಆಮೇಲೆ ಒರೆಸಿದರಾಯಿತು, ತೊಳೆದರಾಯಿತು, ದೇವರಿದ್ದಾನೆ ಎಂದೆಲ್ಲ ನನಗೆ ನಾನೇ ವಕೀಲಿ ಮಾಡಿಕೊಂಡೆ. ಕೈ ಮೇಲೇಳಲಿಲ್ಲ. ಲಾಳಿಯನ್ನು ಮಗ್ಗದ ಮೇಲೆ ಇಟ್ಟುಬಿಟ್ಟೆ.

ಆಗ ನಿನ್ನ ತಮ್ಮ ಮುಂದೆ ಬಂದು, ಲಾಳಿಯನ್ನು ಎತ್ತಿ ಬಾಯಿಗಿಟ್ಟು ಸುಂಯ್ಯೆಂದು ನೂಲು ಎಳೆದ.

"ಆಯ್ತಲ್ಲ. ಹಾಕಿ ಹಾಜರಿ."

"ಯಾರದು?"

"ಇವರದ್ದು ಮಾರಾಯ್ರೆ. ನಾನು ಇವರ ಬದಲಿ ಅಲ್ವಾ? ಆರು ತಿಂಗಳು ಇಲ್ಲಿ ಎಳೆದದ್ದೆಲ್ಲ ಇವರ ಬದಲಿಗೇ. ಇವತ್ತು ಇವರೇ ಬಂದು ನಿಂತಿದ್ದಾರೆ, ಬಾಯಿ ಮಾತ್ರ ಬದಲಿ."

ಸಿದ್ದಲಿಂಗಪ್ಪ ಮೀಸೆ ತೀಡಿದ. "ಹಂಗಾದ್ರ ಇವತ್ತ ನಿನ್ನ ಹಾಜರಿ ಇಲ್ಲ ನೋಡು. ಒಂದು ಮಗ್ಗಕ್ಕ ಒಂದ ಪಗಾರ."

"ಬೇಡ. ನನಗೆ ಎರಡು ಪೇಢೆ ಕೊಡಿ."

ನಗೆಯ ಮಧ್ಯೆ ಪೆನ್ಸಿಲು ನನ್ನ ಹೆಸರಿನ ಮುಂದೆ ಓಡಿತು. ಅಂದು ನನ್ನ ಹೆಸರು ಅಳಿಯಲೆಂದು ಚೆನ್ನಯ ಸುಮ್ಮನೆ ನಿಂತಿದ್ದರೆ ಮುಂದಿನ ತಿಂಗಳು ಆ ಮಗ್ಗ ಅವನದಾಗುತ್ತಿತ್ತು. ಅದು ಅವನಿಗೆ ಗೊತ್ತಿಲ್ಲವೆಂದುಕೊಳ್ಳಬೇಡ. ನಿನ್ನ ಕುರ್ಚಿಯ ಮೂರನೆಯವನ ಬಗ್ಗೆ ನಾನು ಬರೆದದ್ದನ್ನೂ ಬರೆಯದ್ದನ್ನೂ ಈ ಪತ್ರದ ಮೂಲಕ ವಾಪಸು ಪಡೆದಿದ್ದೇನೆ.

ಒಂದೇ ಮಾತು. ನೂಲು ಎಳೆದ ಮೇಲೆ ಅವನು ಕೆಮ್ಮಿದ. ಧೂಪದ ಹೊಗೆ ಬಹಳವಿತ್ತು.

ಮುರಿಗೆಪ್ಪ


ಪರೇಲ್
೧೨ ನವೆಂಬರ್ ೧೯೫೩

ಅಣ್ಣ, ಮುರಿಗೆಪ್ಪಣ್ಣ!

ಗುಮಾಸ್ತ ಕುರ್ಚಿಯ ಮೇಲೆ ನಿಂತು ಬರೆಯುತ್ತಿದ್ದಾನೆ. ಅಕ್ಟೋಬರಿನಲ್ಲಿ ತಮ್ಮ ಒಂದು ದಿನದ ಪಗಾರದಿಂದ ಕಂತು ಬಿತ್ತು. ಆ ಪುಟ್ಟ ಕಂತಿನ ಪಕ್ಕದಲ್ಲಿ ಗಿರಣಿಯೂ ತನ್ನ ಪುಟ್ಟ ಕಂತನ್ನು ಹಲ್ಲು ಕಚ್ಚಿ ಹಾಕಿತು. ಈ ವಾರ ತಮಗೆ ಹತ್ತು ವರ್ಷ ತುಂಬಿದೆ. ಎಲ್ಲಿಯೂ ಮುರಿದಿಲ್ಲ. ಸೆಕ್ರೆಟರಿಗಳು ಸಹಿ ಹಾಕುವಾಗ ಅವರ ಪೆನ್ನು ಮೂರು ಸಲ ಒಣಗಿತು, ಮೂರು ಸಲವೂ ನಾನೇ ಮಸಿ ಕೊಟ್ಟೆ.

ಇನ್ನು ರಾಜೀನಾಮೆ ಬರೆದು ಕಳಿಸಿದರೆ ಎರಡೂ ಪಾಲು ನಿಮ್ಮದು. ಕಿರಾಣಿ ಅಂಗಡಿಗೆ ಹೆಸರು ಯೋಚಿಸಿ. ನಿಮ್ಮ ಜಾಗ ತೆರವಾದರೆ ಚೆನ್ನಯ ಕಾಯಂ ಆಗುತ್ತಾನೆ. ಈ ಸಲ ಇದನ್ನು ಮುಚ್ಚಿಡದೆ ಬರೆದಿದ್ದೇನೆ.

ನಿಮ್ಮ
ಸದಾನಂದ


ಕಾಂದಿವಲಿ
೧೬ ನವೆಂಬರ್ ೧೯೫೩

ಸದಾನಂದಾ,

ರಾಜೀನಾಮೆ ಕೊಡುವುದಿಲ್ಲ.

ಸಿಟ್ಟಾಗುವ ಮೊದಲು ಪೂರ್ತಿ ಓದು. ಚೆನ್ನಯನ ಎದೆಯ ಫೋಟೊ ನೋಡುವವರೆಗೆ ನಾನು ಆ ಮಗ್ಗದ ಮೇಲೆ ದೆವ್ವದ ಹಾಗೆ ಕುಳಿತಿರುತ್ತೇನೆ. ಹಾಜರಿಯಲ್ಲಿ ನನ್ನ ಹೆಸರಿರುವ ತನಕ ಅವನು ಕಾಯಂ ಆಗಲಾರ. ಅವನು ಕಾಯಂ ಆಗಬೇಕೆಂದಿದ್ದರೆ ಎಕ್ಸರೇ ಯಂತ್ರದ ಮುಂದೆ ನಿಲ್ಲಲಿ. ಪ್ರೀತಿಯಿಂದ ಹೇಳಿದ್ದನ್ನು ನೀವಿಬ್ಬರೂ ಕೇಳಲಿಲ್ಲ, ಈಗ ದಬ್ಬಾಳಿಕೆ.

ಇದನ್ನು ಕೇಳಿ ಚಂದ್ರವ್ವ ಕೆಂಡವಾದಳು. "ರೊಕ್ಕ ಬಾಗಲದಾಗ ಬಂದು ನಿಂತಾಗ ಹಟಾ ಮಾಡ್ತೀರಲ್ಲ! ಯಾಂವ ಅಂವ ನಿಮಗ?" ಪೂಜೆಯ ದಿನದ ಕಥೆಯನ್ನು ಆಗ ಹೇಳಿದೆ, ಅಲ್ಲಿಯವರೆಗೆ ಹೇಳಿರಲಿಲ್ಲ. ಪೂರ್ತಿ ಕೇಳಿದಳು. ಆಮೇಲೆ ಚೀಲ ಎತ್ತಿಕೊಂಡು, "ನೀವು ಕಾಗದಾ ಬರೀತಾ ಕುಂಡರ್ರಿ, ನಾ ನೋಡ್ಕೋತೀನಿ" ಎಂದು ಸ್ಟೇಶನ್ನಿಗೆ ನಡೆದಳು. ನಿನ್ನ ತಮ್ಮನಿಗೆ ಎಚ್ಚರಿಕೆ ಕೊಡು.

ಮುರಿಗೆಪ್ಪ


ಪರೇಲ್
೩೦ ನವೆಂಬರ್ ೧೯೫೩

ಅಣ್ಣ,

ಚಂದ್ರಕ್ಕ ನಮ್ಮ ಖೋಲಿಗೆ ಬಂದು, ಮಾತಿಲ್ಲದೆ ಚೆನ್ನಯನ ಮಣಿಕಟ್ಟು ಹಿಡಿದು ಎಬ್ಬಿಸಿದರು. ಪರೇಲಿನ ನಡುಬೀದಿಯಲ್ಲಿ ಆರಡಿ ಎತ್ತರದ ಗಂಡಸನ್ನು ಶಾಲೆಗೆ ಕಳ್ಳಬಿದ್ದ ಮಗುವಿನ ಹಾಗೆ ದವಾಖಾನೆಗೆ ಎಳೆದುಕೊಂಡು ಹೋದರು. "ಬಿಡಿ ಅಕ್ಕ, ಜನ ನೋಡ್ತಾರೆ" ಎಂದು ಅವನು, "ನೋಡ್ಲಿ, ನಿನ್ನ ಎದಿ ಒಳಗೂ ನೋಡ್ಲಿ" ಎಂದು ಅವರು. ಇಷ್ಟರ ತನಕ ನಗಬಹುದು.

ಫೋಟೊದಲ್ಲಿ ಎದೆಯ ಬಲಗಡೆ ಮೇಲೆ ನೆರಳಿದೆ. ಚಿಕ್ಕದು. ಬೇಗ ಬಂದದ್ದು ಒಳ್ಳೆಯದಾಯಿತು, ಈಗಲೇ ಸೂಜಿ, ವಿಶ್ರಾಂತಿ ಆದರೆ ಪೂರ್ತಿ ಗುಣವಾಗುತ್ತದೆ ಎಂದು ದವಾಖಾನೆಯ ಡಾಕ್ಟರು ಅಂದರು. ಎಲ್ಲಿಯ ವಿಶ್ರಾಂತಿ? ಕಾಯಂ ಆದವನಿಗೆ ಬಿನ್‌ಪಗಾರಿಯಾದರೂ ರಜೆಯೆಂಬುದಿದೆ, ಹಿಂದಿರುಗಲು ಜಾಗವಿದೆ, ಕಾಂದಿವಲಿಯಲ್ಲಿ ಗಿರಣಿಯ ಹೆಸರಿನ ಮಂಚಗಳಿವೆ. ಬದಲಿಯವನಿಗೆ ಕೆಮ್ಮಷ್ಟೇ ಇದೆ. ಫೋಟೊದ ಸುದ್ದಿ ಗಿರಣಿಗೆ ಮುಟ್ಟಿದ ದಿನ ಅವನ ಪಾಸು ಹೋಗುತ್ತದೆ. ಇವತ್ತಿನವರೆಗೆ ನಮಗೆ ನಾಲ್ವರಿಗೆ ಮಾತ್ರ ಗೊತ್ತು. ಅವನು ಮಗ್ಗಕ್ಕೆ ಹೋಗಿಲ್ಲ, ಹೊಟ್ಟೆನೋವೆಂದು ಹೇಳಿ ಕಳಿಸಿದ್ದೇನೆ.

ಅಣ್ಣ, ನಾನು ಏನನ್ನೂ ಕೇಳುತ್ತಿಲ್ಲ. ಕುರ್ಚಿಯ ಮೇಲೆ ಈಗ ಒಬ್ಬನೇ ಇದ್ದೇನೆ.

ಸದಾನಂದ


ಕಾಂದಿವಲಿ
೨ ಡಿಸೆಂಬರ್ ೧೯೫೩

ಸದಾನಂದಾ,

ಇದರೊಳಗೆ ನನ್ನ ರಾಜೀನಾಮೆಯಿದೆ. ಟಪಾಲಿನ ಮನುಷ್ಯನನ್ನು ನಂಬದೆ ಚಂದ್ರವ್ವನ ಕೈಯಲ್ಲೇ ಕಳಿಸಿದ್ದೇನೆ. ನೀನೇ ಮ್ಯಾನೇಜರರ ಮೇಜಿಗೆ ಒಯ್ದು, ಸಹಿಯಾಗುವವರೆಗೆ ಎದುರಿಗೆ ನಿಲ್ಲು. ಮಸಿ ಜೊತೆಗಿರಲಿ. ನನ್ನ ಮಂಚದ ಚಿಂತೆ ಬೇಡ, ಒಮ್ಮೆ ಸೇರಿಸಿಕೊಂಡವನನ್ನು ಗುಣವಾಗುವ ತನಕ ಇಲ್ಲಿಂದ ಎಬ್ಬಿಸುವುದಿಲ್ಲವಂತೆ.

ಚೆನ್ನಯನಿಗೆ ಕಾಯಂ ಚೀಟಿ ಕೈಗೆ ಬಂದ ದಿನವೇ ಫಂಡಿಗೆ ಅವನ ಸಹಿ ಹಾಕಿಸು. ಒಂದು ಪಾಳಿ ಕೆಲಸ ಮಾಡಲಿ. ಲಾಳಿಗೆ ಬಾಯಿಡಕೂಡದು, ಕೊಕ್ಕೆಯಿಂದಲೇ ಎಳೆಯಲಿ, ಗಜ ಎಷ್ಟು ಕಡಿಮೆಯಾದರೂ ಆಗಲಿ. ಪಾಳಿ ಮುಗಿದ ಮೇಲೆ ಆ ಮಗ್ಗದ ಲಾಳಿಗಳನ್ನೆಲ್ಲ ಒಲೆಗೆ ಹಾಕಲು ಹೇಳು, ಸಿದ್ದಲಿಂಗಪ್ಪ ಕೂಗಾಡಿದರೆ ನನ್ನ ಹೆಸರು ಹೇಳು. ಒಂದು ದಿನದ ಪಗಾರ, ಒಂದು ಕಂತು, ಸಾಕು. ಮರುದಿನ ಕೆಮ್ಮಲಿ, ಗಟ್ಟಿಯಾಗಿ, ಗಿರಣಿಯ ಡಾಕ್ಟರಿಗೆ ಕೇಳಿಸುವ ಹಾಗೆ.

ಇಲ್ಲಿ ಕಿಟಕಿಯ ಬದಿಯ ಮಂಚದವನು ಗುಣವಾಗಿ ನಿನ್ನೆ ಮನೆಗೆ ಹೋದ. ಲೋಕಲಿನಲ್ಲಿ ಜಾಗ ಹಿಡಿಯುವವರಂತೆ ಅದರ ಮೇಲೆ ನನ್ನ ಟಾವೆಲು ಹಾಸಿದ್ದೇನೆ. ನರ್ಸಮ್ಮ ಬೆಳಿಗ್ಗೆ ತೆಗೆದಳು, ಮತ್ತೆ ಹಾಸಿದೆ. ಮಧ್ಯಾಹ್ನ ತೆಗೆದಳು, ಮತ್ತೆ ಹಾಸಿದೆ. ಈಗ ಅವಳು ಡಾಕ್ಟರನ್ನು ಕರೆತರಲು ಹೋಗಿದ್ದಾಳೆ. ನಾನು ಎದ್ದು ಹೋಗಿ ಆ ಮಂಚದ ಮೇಲೆಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹುಡುಗನನ್ನು ಬೇಗ ಕಳಿಸು.

ನಿನ್ನ
ಮುರಿಗೆಪ್ಪ